ಐವತ್ತೇಳು ಚೌಕಗಳು

ಗಂಡನ ಅಂತ್ಯಕ್ರಿಯೆಯ ಮಾರನೆಯ ಬೆಳಿಗ್ಗೆ ಕಣ್ಣು ಬಿಟ್ಟಾಗ ಅವಳಿಗೆ ಮೊದಲು ಕೇಳಿಸಿದ್ದು ಫ್ಯಾನಿನ ಸದ್ದು. ಚಾವಣಿಯ ಫ್ಯಾನಲ್ಲ, ನಡುಮನೆಯ ಮೂಲೆಯಲ್ಲಿ, ಇಸ್ತ್ರಿ ಮೇಜಿನ ಮೇಲೆ ಕೂತಿದ್ದ ಬೂದುಬಣ್ಣದ ಕಂಪ್ಯೂಟರ್ ಪೆಟ್ಟಿಗೆಯ ಒಳಗಿನದು. ಗುರುವಾರದಿಂದ ಅದು ಒಂದೇ ಸಮನೆ ಉಸಿರು ಬಿಡುತ್ತಿತ್ತು. ನೆಂಟರಿದ್ದಷ್ಟು ಹೊತ್ತು ಅವರ ಮಾತು, ಮೂಗು ಸೀಟುವುದು, ಚಪ್ಪಲಿ ಹುಡುಕುವುದು ಎಲ್ಲ ಸೇರಿ ಅದನ್ನು ಮುಚ್ಚಿಹಾಕಿದ್ದವು. ನಿನ್ನೆ ಸಂಜೆ ಕೊನೆಯ ನೆಂಟನೂ ಹೊರಟ ಮೇಲೆ ಮನೆಯಲ್ಲಿ ಉಳಿದವರು ಮೂವರು: ಅವಳು, ಅತ್ತೆ, ಪೆಟ್ಟಿಗೆ. ಅಳು ಬರುತ್ತದೇನೋ ಎಂದು ಅವಳು ಸ್ವಲ್ಪ ಹೊತ್ತು ಮಲಗಿಕೊಂಡೇ ಕಾದಳು. ಬರಲಿಲ್ಲ. ಎದ್ದು ಹಲ್ಲುಜ್ಜಿದಳು. ಉಜ್ಜಿದ ಮೇಲೆ ಮರೆತು ಇನ್ನೊಮ್ಮೆ ಉಜ್ಜಿದಳು.

“ಅದನ್ನ ಆರಿಸ್ಬಾರದೇನಮ್ಮಾ?” ಎಂದರು ಅತ್ತೆ ಅಡುಗೆಮನೆಯಿಂದ. “ನನ್ನ ತಲೆಯೊಳಗೇ ತಿರುಗ್ತಿರೋ ಹಾಗಿದೆ. ಅವನಿದ್ದಾಗ ಅವನಿಗೆ ಬೈಬಹುದಿತ್ತು. ಈಗ ಯಾರಿಗೆ ಅಂತ ಬೈಲಿ?”

“ಆರಿಸ್ತೀನಿ ಅತ್ತೆ.”

ಆರಿಸುವುದು ಅವಳಿಗೆ ಗೊತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರಬಂಧ ಬರೆಯುವ ಕಾಲದಲ್ಲಿ ಅವನೇ ಕಲಿಸಿದ್ದ. ಬಣ್ಣದ ಗುಂಡಿಗಳನ್ನು ಒತ್ತಿಸಿಕೊಳ್ಳುವ ಕಂಪ್ಯೂಟರುಗಳು ಅವನಿಗೆ ಆಗುತ್ತಿರಲಿಲ್ಲ. ಯಾರೂ ಮಾರದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ಕಪ್ಪು ಪರದೆಯ ಮೇಲೆ ಆದೇಶ ಬರೆದರೆ ಮಾತ್ರ ಮಾತು ಕೇಳುವ ಲಿನಕ್ಸ್ ಎಂದರೆ ಅವನಿಗೆ ಪ್ರಾಣ. “ಇದು ಮುಖ ನೋಡಿ ನಗಲ್ಲ, ನಿಜ. ಆದ್ರೆ ಆಗಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ಕಾರಣ ಹೇಳುತ್ತೆ. ನಿನ್ನ ಹಾಗಲ್ಲ,” ಎನ್ನುತ್ತಿದ್ದ. ಅವಳು ಇಸ್ತ್ರಿ ಮೇಜಿನ ಮುಂದೆ ನಿಂತು ಆರಿಸುವ ಆದೇಶ ಬರೆದಳು. ಪೆಟ್ಟಿಗೆ ಆರಲಿಲ್ಲ. ಪರದೆಯ ಮೇಲೆ ಮೂರು ಸಾಲು ಬಂತು. ಆರಿಸುವುದನ್ನು ತಡೆಹಿಡಿಯಲಾಗಿದೆ ಎಂದು ಮೊದಲನೆಯದು. ತಡೆದವರು ಎಂಬಲ್ಲಿ ಅವಳ ಗಂಡನ ಹೆಸರು. ಕಾರಣ ಎಂಬಲ್ಲಿ:

□□□□□□□ □□□□ □□□□ □□□□□□ □□□□□□□□□□ □□□□□□□. □□□□□□□□□□ □□□□□□□□□.

ಕಾರಣ ಹೇಳುತ್ತದೆ ಎಂದವನು ಕಾರಣವನ್ನು ನಮ್ಮ ಭಾಷೆಯಲ್ಲೇ ಬರೆದಿದ್ದ. ಆ ಕಪ್ಪು ಪರದೆಗೆ ನಮ್ಮ ಲಿಪಿ ಬರುವುದಿಲ್ಲ. ಓದಲು ಬಾರದ್ದು ಕಣ್ಣಿಗೆ ಬಿದ್ದರೆ ಅದು ಒಂದೊಂದಕ್ಕೂ ಒಂದೊಂದು ಖಾಲಿ ಚೌಕ ಹಾಕಿ ಕೈತೊಳೆದುಕೊಂಡುಬಿಡುತ್ತದೆ. ಅವಳು ಬೆರಳಿಟ್ಟು ಎಣಿಸಿದಳು. ಐವತ್ತೇಳು ಚೌಕ, ಎರಡು ಚುಕ್ಕಿ. ಎಣಿಕೆ ಅವಳ ವಿದ್ಯೆ. ಆದ್ದರಿಂದ ಇನ್ನೊಮ್ಮೆ ಎಣಿಸಿದಳು. ಆಮೇಲೆ ಆಸ್ಪತ್ರೆಯವರು ಕೊಟ್ಟ ಲಕೋಟೆಯ ಹಿಂಬದಿಯಲ್ಲಿ ಐವತ್ತೇಳು ಚೌಕ ಬರೆದು, ಪೆನ್ಸಿಲ್ ತೆಗೆದುಕೊಂಡು, ಭಾನುವಾರದ ಪತ್ರಿಕೆಯ ಪದಬಂಧ ತುಂಬಿಸುವವಳಂತೆ ಕೂತಳು. ಕೊಂಬು, ಒತ್ತುಗಳಿಗೂ ಒಂದೊಂದು ಚೌಕವೋ ಅಥವಾ ಅಕ್ಷರಕ್ಕೆ ಮಾತ್ರವೋ ತಿಳಿಯದ್ದರಿಂದ ಯಾವ ವಾಕ್ಯ ಬೇಕಾದರೂ ಅಲ್ಲಿ ಹಿಡಿಸುತ್ತಿತ್ತು. ‘ಇವಳ ಜೊತೆ ಬಾಳಿದ್ದು ಸಾಕಾಯಿತು’ ಎಂಬುದಂತೂ ಎಲ್ಲಿ ಕೂರಿಸಿದರೂ ಕೂರುತ್ತಿತ್ತು. ಅತ್ತೆ ಕಾಫಿ ತಂದು ಪಕ್ಕದಲ್ಲಿಟ್ಟು, ಲಕೋಟೆಯನ್ನು ನೋಡಿ, ಸೊಸೆಯನ್ನು ನೋಡಿ, ಏನೂ ಕೇಳದೆ ಹೋದರು. ಗಂಡ ಸತ್ತ ಮೂರನೇ ದಿನ ಚೌಕ ಬರೆಯುವ ಹೆಂಡತಿಯನ್ನು ಏನೆಂದು ಕೇಳುವುದು?

ಒಂಬತ್ತಕ್ಕೆ ಫೋನು ಬಂತು. ಜನನ ಮರಣ ನೋಂದಣಿ ಕಚೇರಿಯ ಮೂರನೇ ಕೌಂಟರಿನ ಗುಮಾಸ್ತ. ಆ ಕಚೇರಿಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನು ಅವಳ ಗಂಡ.

“ತುಂಬಾ ಬೇಜಾರಾಯ್ತು ಮೇಡಂ. ದೇವರಂಥ ಮನುಷ್ಯ,” ಎಂದ ಗುಮಾಸ್ತ, ಒಂದು ಉಸಿರು ಬಿಟ್ಟು, “ಮತ್ತೆ, ನಮ್ಮ ಪೆಟ್ಟಿಗೆ ನಿಮ್ಮನೇಲಿದೆಯಲ್ಲ. ರಿಪೇರಿಗೆ ಅಂತ ಎರವಲು ಪುಸ್ತಕದಲ್ಲಿ ಸಹಿ ಹಾಕಿ ಒಯ್ದಿದ್ರು. ವಾಪಸ್ ಮಾಡೋ ದಿನ ಇವತ್ತು.”

“ಇವತ್ತೇ ಆಗಬೇಕಾ?”

“ಇವತ್ತು ಅಂತ ಅವರೇ ಬರೆದಿದಾರೆ ಮೇಡಂ. ನಾನು ಬರೆದಿದ್ದಲ್ಲ.”

ಹೇಗೂ ಅವನ ಮರಣಪತ್ರಕ್ಕೆ ಅಲ್ಲಿಗೇ ಹೋಗಬೇಕಿತ್ತು. ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು ಬೀದಿಗಿಳಿದಾಗ ಅವಳಿಗೆ ಆಶ್ಚರ್ಯವಾದದ್ದು, ಕಾಲುಗಳು ದಾರಿಯನ್ನು ಮರೆತಿಲ್ಲವಲ್ಲ ಎಂದು. ಹಲ್ಲಿನ ಆಸ್ಪತ್ರೆ, ಬೀಗದ ಅಂಗಡಿ, ಬಸ್ ನಿಲ್ದಾಣ. ಶನಿವಾರ ಬೆಳಿಗ್ಗೆ ಅವನು ಇದೇ ನಿಲ್ದಾಣದಲ್ಲಿ ನಿಂತಿದ್ದವನು ನಿಂತ ಹಾಗೇ ಕುಸಿದಿದ್ದ. ಮೂವತ್ತೆರಡು ವರ್ಷದ ಹೃದಯ. ವೈದ್ಯರು ಕಾರಣವನ್ನು ಅವರದೇ ಭಾಷೆಯಲ್ಲಿ ಬರೆದುಕೊಟ್ಟಿದ್ದರು, ಅದೂ ಓದಲಿಕ್ಕಾಗದ್ದು. ಮನೆಯಿಂದ ಹೊರಡುವಾಗ ಅವನು, “ಬರ್ತೀನಿ,” ಎಂದಿದ್ದ. ಅವಳು ಮಾತಾಡಿರಲಿಲ್ಲ. ಬುಧವಾರ ರಾತ್ರಿಯಿಂದಲೇ ಮಾತಾಡಿರಲಿಲ್ಲ. ಎರಡೂವರೆ ದಿನ. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಐದು ವರ್ಷದ ದಾಂಪತ್ಯದಲ್ಲಿ ಎರಡೂವರೆ ದಿನ ಎಂದರೆ ಲೆಕ್ಕಕ್ಕೇ ಬಾರದ್ದು. ಆದರೆ ಅದು ಕೊನೆಗೆ ಬಂದು ಕೂತಿತ್ತು.

ಕಚೇರಿಯ ಬಾಗಿಲು ತಳ್ಳಿದ ಕೂಡಲೇ ಅವಳಿಗೆ ತನ್ನದೇ ದನಿ ಕೇಳಿಸಿತು. “ಸಂಖ್ಯೆ ಮೂವತ್ತೊಂದು. ದಯವಿಟ್ಟು ಎರಡನೇ ಕೌಂಟರಿಗೆ ಬನ್ನಿ.” ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಹಿಂದಿನಿಂದ ಬಂದವರು ಅವಳ ಬೆನ್ನಿಗೆ ತಾಗಿ ಗೊಣಗಿದರು. ಅಳಿಸಿದೆ ಎಂದಿದ್ದನಲ್ಲ? ಗುರುವಾರ ಸಂಜೆ, ಊಟಕ್ಕೆ ಕೂತು, ತಟ್ಟೆಯನ್ನೇ ನೋಡುತ್ತ, “ನಿನ್ನ ದನಿ ಅಳಿಸಿದೆ. ಆಯ್ತಾ?” ಎಂದು ಕೇಳಿದ್ದನಲ್ಲ? ಅವಳು ಆಗಲೂ ಉತ್ತರ ಕೊಟ್ಟಿರಲಿಲ್ಲ. ಅವನು ಸುಳ್ಳು ಹೇಳಿದ್ದಾನೆ ಎಂದುಕೊಂಡಾಗ ಅವಳೊಳಗೆ ಮೂರು ದಿನದಲ್ಲಿ ಮೊದಲ ಬಾರಿಗೆ ಏನೋ ಬೆಚ್ಚಗಾಯಿತು. ಜಗಳವಾಡಲು ಒಂದು ಕಾರಣ ಸಿಕ್ಕಿತ್ತು. ಮನೆಗೆ ಬರಲಿ, ಮಾಡುತ್ತೇನೆ ಎಂದು ಯೋಚಿಸಿ, ಅರ್ಧಕ್ಕೇ ನಿಲ್ಲಿಸಿದಳು.

ಮದುವೆಯಾದ ವರ್ಷ ಅವನಿಗೆ ಈ ಟೋಕನ್ ವ್ಯವಸ್ಥೆಯ ಕೆಲಸ ಸಿಕ್ಕಿತ್ತು. ಕರೆಯಲು ಹೆಣ್ಣುದನಿ ಬೇಕಿತ್ತು. ಬಟ್ಟೆಯ ಬೀರುವಿನೊಳಗೆ ಇಬ್ಬರೂ ತೂರಿ ಕೂತು, ಸದ್ದು ಮಾರ್ದನಿಸದಿರಲೆಂದು ಮೇಲೆ ಕಂಬಳಿ ಹೊದ್ದು, ಬೆವರುತ್ತ, ಒಂದರಿಂದ ಶುರುಮಾಡಿ ಒಂದು ಇಡೀ ಮಧ್ಯಾಹ್ನ ಎಣಿಸಿದ್ದರು. ಎಂಬತ್ತರ ಹೊತ್ತಿಗೆ ಅವನ ಕಾಲು ಮರಗಟ್ಟಿ, ಸೀರೆಗಳ ರಾಶಿಯ ಮೇಲೆ ಸದ್ದಿಲ್ಲದೆ ಉರುಳಿದ್ದ. ಅವಳ ಎಂಬತ್ತರಲ್ಲಿ ಇವತ್ತಿಗೂ ಒಂದು ಅದುಮಿಟ್ಟ ನಗು ಇದೆ. ಮೊದಲು ಅದೆಲ್ಲ ತಮಾಷೆಯಾಗಿತ್ತು. ಆಮೇಲೆ ತರಕಾರಿ ಅಂಗಡಿಯವನು ಅವಳನ್ನು ಟೋಕನ್ನಮ್ಮ ಎಂದು ಕರೆದ. ಕೆಲಸದ ಸಂದರ್ಶನಕ್ಕೆ ಹೋದಲ್ಲಿ ಒಬ್ಬರು, ನಿಮ್ಮ ದನಿ ಎಲ್ಲೋ ಕೇಳಿದ್ದೇನೆ ಎಂದು ಹತ್ತು ನಿಮಿಷ ಅದನ್ನೇ ನೆನಪಿಸಿಕೊಳ್ಳುತ್ತ ಕೂತು, ನೆನಪಾದ ಮೇಲೆ ಉಳಿದ ಪ್ರಶ್ನೆಗಳನ್ನು ಕೇಳಲೇ ಇಲ್ಲ. ಹೋದ ಬುಧವಾರ ಅವಳ ಹಳೆಯ ಪ್ರಾಧ್ಯಾಪಕರು ಬೀದಿಯಲ್ಲಿ ಸಿಕ್ಕಿದರು. ತಾಯಿಯ ಮರಣ ನೋಂದಾಯಿಸಿ ಬಂದಿದ್ದರಂತೆ. “ನಿನ್ನಿಂದ ಕರೆಸಿಕೊಳ್ಳೋ ಭಾಗ್ಯ ಸಿಕ್ತು ನನಗೆ. ಚಿನ್ನದ ಪದಕದವಳು, ಅಂತೂ ಒಂದು ಸಂಖ್ಯೆಯ ಕೆಲಸದಲ್ಲೇ ಇದ್ದೀಯಲ್ಲ,” ಎಂದು ಬೆನ್ನು ತಟ್ಟಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದರು; ಅದೇ ಸಹಿಸಲಾಗದ್ದು. ಮನೆಗೆ ಬಂದವಳೇ ಬಾಗಿಲು ಹಾಕಿ, “ನನ್ನ ದನಿ ತೆಗೆದುಬಿಡು ಅಲ್ಲಿಂದ. ತೆಗೆಯೋವರೆಗೂ ಈ ಮನೇಲೂ ನನ್ನ ದನಿ ಇರಲ್ಲ,” ಎಂದಳು.

“ಇನ್ನೊಂದು ಸಲ ಯೋಚನೆ ಮಾಡೇ. ಆ ನಗು ಇರೋದು ಅದೊಂದರಲ್ಲೇ. ಬೇರೆ ಪ್ರತಿ ಇಲ್ಲ,” ಎಂದ ಅವನು.

ಅವಳು ಆಗಲೇ ಮಾತು ನಿಲ್ಲಿಸಿಯಾಗಿತ್ತು.

“ಸಂಖ್ಯೆ ನಲವತ್ತಾರು,” ಎಂದು ಅವಳ ದನಿ ಅವಳನ್ನು ಕರೆಯಿತು. ಬಹುವಚನದಲ್ಲಿ, ಬಲು ಮರ್ಯಾದೆಯಿಂದ. ಅವಳು ಎದ್ದು ಮೂರನೇ ಕೌಂಟರಿಗೆ ಹೋದಳು. ಗುಮಾಸ್ತ ಆಸ್ಪತ್ರೆಯ ಕಾಗದ ನೋಡಿದ, ಲಕೋಟೆಯ ಹಿಂಬದಿಯ ಚೌಕಗಳನ್ನು ನೋಡಿದ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

“ಪತ್ರ ಕೊಡೋಕೆ ಒಂದು ತೊಡಕಿದೆ ಮೇಡಂ. ಎರವಲು ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಪೆಟ್ಟಿಗೆ ಬಾಕಿ ಇದೆ. ಬಾಕಿ ಇರೋವರನ್ನ ಮುಗಿಸೋ ಹಾಗಿಲ್ಲ.”

“ಅವರು ತೀರಿಕೊಂಡಿದ್ದಾರೆ.”

“ಹೌದು ಮೇಡಂ, ಅದಕ್ಕೇ ಅಲ್ವಾ ಪತ್ರ ಬೇಕಿರೋದು. ಪತ್ರ ಬರೋವರೆಗೂ ನಮ್ಮ ಪುಸ್ತಕದ ಪ್ರಕಾರ ಇದ್ದಾರೆ. ಇದ್ದಾರೆ ಅಂದ್ಮೇಲೆ ಪೆಟ್ಟಿಗೆ ತಂದುಕೊಡಬೇಕಾಗುತ್ತೆ.”

“ನಾನು ತಂದ್ರೆ?”

“ಧಾರಾಳವಾಗಿ ತನ್ನಿ. ನಾಲ್ಕರೊಳಗೆ. ಇಲ್ಲಾಂದ್ರೆ ನಮ್ಮ ಎಲೆಕ್ಟ್ರಿಷಿಯನ್‌ನ ಕಳಿಸ್ತೀನಿ, ಐದು ನಿಮಿಷದಲ್ಲಿ ವೈರ್ ಕಿತ್ತು ಎತ್ಕೊಂಡು ಬರ್ತಾನೆ.” ಆಮೇಲೆ ಮೆಲ್ಲಗೆ, “ನಿಮ್ಮವರು ಬುದ್ಧಿವಂತರು. ಪೆಟ್ಟಿಗೆ ನಿಮ್ಮನೇಲಿದ್ರೂ ಇಲ್ಲಿ ಟೋಕನ್ ಕೂಗೋದು ಒಂದು ದಿನವೂ ನಿಂತಿಲ್ಲ. ಅಲ್ಲಿಂದಲೇ ಇಲ್ಲಿಗೆ ಇಂಟರ್ನೆಟ್ಟಲ್ಲಿ ಜೋಡಿಸಿದಾರಂತೆ,” ಎಂದ.

ಹಾಗಾದರೆ ಗುರುವಾರದಿಂದ ಊರಿನವರ ಹುಟ್ಟುಸಾವುಗಳನ್ನೆಲ್ಲ ಅವಳ ದನಿ ಅವಳ ಇಸ್ತ್ರಿ ಮೇಜಿನ ಮೇಲಿಂದ ಕರೆಯುತ್ತಿತ್ತು. ಅವನ ಶವ ನಡುಮನೆಯಲ್ಲಿದ್ದಾಗ ತಲೆಯ ಹತ್ತಿರವೇ ಆ ಪೆಟ್ಟಿಗೆ, ಸದ್ದು ಹೊರಗೆ ಬಿಡದೆ, ಸಂಖ್ಯೆ ಹನ್ನೆರಡು ಬನ್ನಿ, ಹದಿಮೂರು ಬನ್ನಿ ಎನ್ನುತ್ತಿತ್ತು. ಶನಿವಾರ ಮಧ್ಯಾಹ್ನದವರೆಗೆ ಕಚೇರಿ ತೆರೆದಿರುತ್ತದೆ. ಅವಳಿಗೆ ನಗು ಬರುವ ಹಾಗಾಯಿತು. ಅದೂ ಬರಲಿಲ್ಲ.

ಮನೆಗೆ ಬಂದರೆ ಅತ್ತೆ ಇಸ್ತ್ರಿ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಎರಡೂ ಕಿವಿಯಲ್ಲಿ ವೈರು.

“ಇದರೊಳಗೆ ನೀನು ಮಾತಾಡ್ತಿದ್ದೀಯಲ್ಲೇ!” ಎಂದು ಅತ್ತೆ ಇಡೀ ಬೀದಿಗೆ ಕೇಳುವಂತೆ ಕೂಗಿದರು. ಕಿವಿ ಮುಚ್ಚಿಕೊಂಡವರ ಮಾತು ಹಾಗೆಯೇ. “ಸದ್ದು ನಿಲ್ಲುತ್ತೇನೋ ಅಂತ ಸಿಕ್ಕಿದ್ದನ್ನೆಲ್ಲ ಎಳೆದು ನೋಡ್ತಿದ್ದೆ. ಈ ವೈರ್ ಸಿಕ್ತು. ಅವನು ಗುರುವಾರ ಶುಕ್ರವಾರ ಎರಡು ದಿನವೂ ಇದನ್ನ ಕಿವಿಗೆ ಹಾಕ್ಕೊಂಡು ಕೂತಿದ್ನಲ್ಲ. ಹಾಡು ಕೇಳ್ತಿದಾನೆ ಅಂದ್ಕೊಂಡೆ. ಮಧ್ಯೆ ಮಧ್ಯೆ ‘ಹೂಂ, ಹೂಂ’ ಅಂತಿದ್ದ. ಹಾಡಿಗೆ ಯಾರಾದ್ರೂ ಹೂಂ ಅಂತಾರಾ ಅಂತ ನಾನು ಕೇಳಿದ್ದಕ್ಕೆ, ‘ಸುಮ್ನಿರಮ್ಮಾ, ಈಗ ಎಂಬತ್ತು ಬರುತ್ತೆ’ ಅಂದ.”

ಅವಳು ಗೋಡೆಗೆ ಒರಗಿ ನಿಂತಳು. ಮಾತಾಡದ ಹೆಂಡತಿಯ ಪಕ್ಕದ ಕೋಣೆಯಲ್ಲಿ ಕೂತು ಅವನು ಹೆಂಡತಿಯ ಮಾತನ್ನೇ ಕೇಳುತ್ತಿದ್ದ. ಸಂಖ್ಯೆ ಏಳು ಬನ್ನಿ. ಹೂಂ. ಸಂಖ್ಯೆ ಎಂಟು ಬನ್ನಿ. ಹೂಂ. ಎಂಥ ಪೆದ್ದು ಸಂಸಾರ! ಆದರೆ ಅಳಿಸಿದೆ ಎಂದದ್ದು? ಅವಳು ಆದೇಶ ಬರೆದು ದನಿಯ ಕಡತವನ್ನು ಹುಡುಕಿದಳು. ಇರಬೇಕಾದ ಜಾಗದಲ್ಲಿ ಇರಲಿಲ್ಲ. ಎಲ್ಲಿಯೂ ಇರಲಿಲ್ಲ. ಅತ್ತೆಯ ಕಿವಿಯಲ್ಲಿ ಮಾತ್ರ ಇತ್ತು.

ಗಡ್ಡನಿಗೆ ಫೋನು ಮಾಡಿದಳು. ಗಡ್ಡ ಅವನ ಗೆಳೆಯ, ಅದೇ ಕೆಲಸದವನು. ಅಂತ್ಯಕ್ರಿಯೆಯಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತು, ಅತ್ತೆಯಿಂದಲೇ ಸಮಾಧಾನ ಮಾಡಿಸಿಕೊಂಡವನು.

“ಅತ್ತಿಗೆ,” ಎಂದವನು ಮತ್ತೆ ಮೂಗೇರಿಸತೊಡಗಿದ.

“ಆಮೇಲೆ ಅಳುವಿರಂತೆ. ಮೊದಲು ಇದನ್ನ ಹೇಳಿ. ಫೈಲು ಇಲ್ಲ. ದನಿ ಇದೆ. ಹೇಗೆ?”

ಸಮಸ್ಯೆ ಸಿಕ್ಕಿದ ಕೂಡಲೇ ಗಡ್ಡನ ಗಂಟಲು ಸರಿಹೋಯಿತು. “ಓ, ಅದಾ! ಅದು ಈ ಲಿನಕ್ಸಿನ ಚಾಳಿ ಅತ್ತಿಗೆ. ಅಳಿಸೋದು ಅಂದ್ರೆ ಇಲ್ಲಿ ಪಟ್ಟಿಯಿಂದ ಹೆಸರು ಹೊಡೆದುಹಾಕೋದು ಅಷ್ಟೇ. ಟೋಕನ್ ಕೂಗೋ ಪ್ರೋಗ್ರಾಮು ಶುರುವಾದಾಗಲೇ ಆ ಫೈಲನ್ನ ಕೈಯಲ್ಲಿ ಹಿಡ್ಕೊಂಡಿರುತ್ತಲ್ಲ, ಅದು ಕೈ ಬಿಡೋವರೆಗೂ ಒಳಗಿರೋದು ಎಲ್ಲೂ ಹೋಗಲ್ಲ. ಹುಡುಕಿದ್ರೆ ಇಲ್ಲ. ಕೇಳಿದ್ರೆ ಇದೆ.”

“ಆರಿಸಿದ್ರೆ?”

“ಆರಿಸಿದ್ರೆ ಪ್ರೋಗ್ರಾಮು ಸಾಯುತ್ತೆ, ಕೈ ಬಿಡುತ್ತೆ, ಅಲ್ಲಿಗೆ ಮುಗೀತು. ಬ್ರಹ್ಮ ಬಂದ್ರೂ ವಾಪಸ್ ಬರಲ್ಲ.”

“ಅವರಿಗೆ ಇದು ಗೊತ್ತಿತ್ತಾ?”

“ಅವನಿಗಾ? ನನಗೆ ಹೇಳಿಕೊಟ್ಟಿದ್ದೇ ಅವನು,” ಎಂದ ಗಡ್ಡ, ಮತ್ತೆ ಮೂಗೇರಿಸಿದ.

ಅಂದರೆ ಸುಳ್ಳು ಹೇಳಿರಲಿಲ್ಲ. ಅಳಿಸಿದ್ದ. ಅಳಿಸಿಯೂ ಉಳಿಸಿಕೊಂಡಿದ್ದ. ಹೀಗೆ ಎರಡು ಕಡೆಯೂ ಸತ್ಯ ಹೇಳುವ ಗಂಡಸಿನೊಂದಿಗೆ ಜಗಳವಾಡುವುದಾದರೂ ಹೇಗೆ? ಅವಳು ಚೌಕಗಳ ವಿಷಯ ಹೇಳಿದಳು. ಗಡ್ಡ ಅದಕ್ಕೂ ದಾರಿ ಹೇಳಿದ: ಆ ಪೆಟ್ಟಿಗೆಯ ಪರದೆಯಲ್ಲಿ ಬೇಡ, ಅವನ ಲ್ಯಾಪ್‌ಟಾಪಿನಿಂದ ಪೆಟ್ಟಿಗೆಯೊಳಕ್ಕೆ ಹೋಗಿ, ಅಲ್ಲಿಂದ ಕಾರಣ ಕೇಳಿ, ಅದಕ್ಕೆ ಅಕ್ಷರ ಬರುತ್ತೆ. ಅವಳು ಅವನು ಹೇಳಿದಂತೆ ಒಂದೊಂದೇ ಅಕ್ಷರ ಒತ್ತಿದಳು. ಕೊನೆಯ ಗುಂಡಿ ಒತ್ತುವ ಮುಂಚೆ, “ಇಡ್ತೀನಿ,” ಎಂದು ಫೋನು ಇಟ್ಟುಬಿಟ್ಟಳು. ಅದರಲ್ಲಿ ಏನಿದ್ದರೂ ಗಡ್ಡನ ಎದುರು ಓದುವಂಥದ್ದಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಬೆಳಿಗ್ಗೆಯಿಂದ ಅವಳು ಆ ಐವತ್ತೇಳು ಚೌಕಗಳಲ್ಲಿ ತುಂಬಿಸಿದ್ದು ಒಂದೂ ಒಳ್ಳೆಯದಲ್ಲ.

ಅಕ್ಷರ ಬಂತು. ಒತ್ತಕ್ಷರಗಳು ಕಾಲು ಮುರಿದುಕೊಂಡು ಅಕ್ಕಪಕ್ಕದಲ್ಲಿ ಕೂತಿದ್ದವು. ಆದರೂ ಓದಬಹುದಿತ್ತು.

‘ಭಾನುವಾರ ಮೂಡ್ ನೋಡಿ ಅವಳನ್ನ ಇನ್ನೊಂದ್ಸಲ ಕೇಳಬೇಕು. ಅಲ್ಲಿವರೆಗೆ ಆರಿಸಬಾರದು.’

ಅವಳು ಓದಿದಳು. ಭಾನುವಾರ ಎಂದರೆ ನಿನ್ನೆ. ನಿನ್ನೆ ಅವಳ ಮೂಡ್ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದಳು. ಯಾರೋ ನೀರು ಕುಡಿಸಿದ್ದರು. ಯಾರೋ, ಅಳಬೇಕಮ್ಮ, ಒಳಗೇ ಇಟ್ಟುಕೊಳ್ಳಬಾರದು ಎಂದಿದ್ದರು. ಅವಳು, ಆಗಲಿ ಎಂದಿದ್ದಳು. ಯಾರೂ ಬಂದು ದನಿ ಇರಲೋ ಬೇಡವೋ ಎಂದು ಕೇಳಿರಲಿಲ್ಲ. ಕೇಳಬೇಕಾದವನು ಮಧ್ಯದಲ್ಲಿ ಮಲಗಿದ್ದ, ಪ್ರಶ್ನೆಯನ್ನು ಪಕ್ಕದ ಪೆಟ್ಟಿಗೆಯಲ್ಲಿಟ್ಟು. ಅವಳು ಇಷ್ಟಗಲ ಇದ್ದ ಆ ವಾಕ್ಯದ ಮುಂದೆ, ಉತ್ತರ ಬರೆಯುವ ಜಾಗಕ್ಕಾಗಿ ಹುಡುಕುತ್ತಿರುವಂತೆ, ಬಹಳ ಹೊತ್ತು ಕೂತಿದ್ದಳು. ಅಲ್ಲಿ ಅಂಥ ಜಾಗವಿರಲಿಲ್ಲ.

ಗಡ್ಡನೇ ಮತ್ತೆ ಫೋನು ಮಾಡಿದ. ಆ ಫೈಲನ್ನು ಪ್ರೋಗ್ರಾಮಿನ ಕೈಯಿಂದ ಬಿಡಿಸಿ ಪ್ರತಿ ಮಾಡಿಕೊಳ್ಳಬಹುದು. ಆದರೆ ಒಂದು ಅಕ್ಷರ ತಪ್ಪಾದರೂ ಪ್ರೋಗ್ರಾಮು ಬೀಳುತ್ತೆ, ಫೋನಿನಲ್ಲಿ ಹೇಳಿ ಮಾಡಿಸುವ ಕೆಲಸವಲ್ಲ. ತಾನು ಪರವೂರಿನಲ್ಲಿದ್ದೇನೆ, ನಾಳೆ ಬಂದು ಮಾಡುತ್ತೇನೆ ಎಂದ. “ಮನೇಲಿರಲಿ, ಆಫೀಸಲ್ಲಿರಲಿ, ನಾಳೆವರೆಗೂ ಅದು ಒಂದು ಕ್ಷಣವೂ ನಿಲ್ಲಬಾರದು ಅತ್ತಿಗೆ. ಅಷ್ಟು ನೋಡ್ಕೊಳ್ಳಿ.” ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು. ನಾಲ್ಕಕ್ಕೆ ಎಲೆಕ್ಟ್ರಿಷಿಯನ್ ಬಂದು ವೈರು ಕೀಳುತ್ತಾನೆ.

“ಓಡ್ತಿರೋ ಹಾಗೇ ಎತ್ಕೊಂಡು ಹೋದ್ರೆ?” ಎಂದು ಅವಳು ಕೇಳಿದಳು.

“ಅದಕ್ಕೆ ಯುಪಿಎಸ್ ಇದೆಯಲ್ಲ, ಆ ಬ್ಯಾಟರಿ ಡಬ್ಬಿ. ಅದು ಹಳೇದು. ಹದಿನೈದು ನಿಮಿಷ ಬಂದ್ರೆ ಹೆಚ್ಚು. ಆಫೀಸಿಗೆ ಎಷ್ಟು ಹೊತ್ತು?”

“ಟ್ಯಾಕ್ಸಿಯಲ್ಲಿ ಹದಿಮೂರು.”

“ಅತ್ತಿಗೆ, ಹುಚ್ಚು ಕೆಲಸ.”

“ಹೂಂ,” ಎಂದಳು ಅವಳು.

ಪೆಟ್ಟಿಗೆಯನ್ನು ಅವಳೇ ಎತ್ತಿಕೊಂಡಳು. ಬ್ಯಾಟರಿ ಡಬ್ಬಿಗೆ ಇನ್ನೊಬ್ಬರು ಬೇಕಿತ್ತು. ಅತ್ತೆ ಸೆರಗು ಸಿಕ್ಕಿಸಿ, ಡಬ್ಬಿಯನ್ನು ಕೂಸಿನಂತೆ ಎದೆಗೆ ಒತ್ತಿಕೊಂಡರು. ಗೋಡೆಯ ಪ್ಲಗ್ ಕಿತ್ತ ಕ್ಷಣದಿಂದ ಡಬ್ಬಿ ಕೀಂ ಎಂದು ಕೂಗತೊಡಗಿತು. ಎರಡರ ನಡುವಿನ ವೈರು ಮೊಳದುದ್ದ. ಐದು ವರ್ಷ ಒಂದೇ ಮನೆಯಲ್ಲಿದ್ದೂ ಮೈಗೆ ಮೈ ತಾಗಿಸದಿದ್ದ ಅತ್ತೆ ಸೊಸೆ ಆ ಮೊಳದುದ್ದದ ವೈರಿನ ಎರಡು ತುದಿಗೆ ಸಿಕ್ಕಿಕೊಂಡು, ಮೆಟ್ಟಿಲಲ್ಲಿ ಒಂದೇ ಕಾಲು ಒಟ್ಟಿಗೆ ಇಡುತ್ತ, “ನಿಧಾನ,” “ನೀವು ನಿಧಾನ,” “ಎಡಗಾಲು,” “ಯಾರ ಎಡ?” ಎನ್ನುತ್ತ ಇಳಿದರು. ನಿನ್ನೆ ಅವನನ್ನು ಕೆಳಗಿಳಿಸುವಾಗಲೂ ಗಂಡಸರು ಇದೇ ತಿರುವಿನಲ್ಲಿ ಹೀಗೆಯೇ ಎಡ ಬಲ ಎಂದು ಜಗಳವಾಡಿದ್ದರು.

ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿ, “ಬಾಂಬ್ ಏನಮ್ಮಾ ಅದು? ಕೂಗ್ತಿದೆ,” ಎಂದ.

“ನನ್ನ ಸೊಸೆ ಕಣಪ್ಪಾ,” ಎಂದರು ಅತ್ತೆ. “ಬೇಗ ನಡಿ.”

ಅವನು ಬೇಗ ನಡೆದ. ಹಲ್ಲಿನ ಆಸ್ಪತ್ರೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಕೀಂ ಕೀಂ ಎಂಬುದು ಹತ್ತಿರ ಹತ್ತಿರವಾಯಿತು. ಅವಳ ತೊಡೆಯ ಮೇಲೆ ಪೆಟ್ಟಿಗೆ ಬಿಸಿಯಾಗಿತ್ತು, ಅದರ ಫ್ಯಾನಿನ ಗಾಳಿ ಮಣಿಕಟ್ಟಿಗೆ ಬಡಿಯುತ್ತಿತ್ತು. ಆಸ್ಪತ್ರೆಗೆ ಅವನನ್ನು ಒಯ್ದವರು ಯಾರೋ ದಾರಿಹೋಕರು; ಅವಳು ತಲುಪಿದಾಗ ಎಲ್ಲ ತಣ್ಣಗಾಗಿತ್ತು. ಹೀಗೆ ಬಿಸಿಯಾಗಿರುವುದನ್ನು ತೊಡೆಯ ಮೇಲಿಟ್ಟುಕೊಂಡು, ಬೇಗ ನಡಿ ಬೇಗ ನಡಿ ಎಂದು ಯಾರ ಬೆನ್ನಿಗೋ ಹೇಳುವ ಅವಕಾಶ ಅವಳಿಗೆ ಸಿಕ್ಕಿರಲಿಲ್ಲ. “ಬೇಗ,” ಎಂದಳು ಅವಳು. ದೀಪ ಹಸಿರಾಗಿರಲಿಲ್ಲ. “ದಯವಿಟ್ಟು ಬೇಗ,” ಎಂದು ಗಟ್ಟಿಯಾಗಿ ಹೇಳಿದಳು. ಟ್ಯಾಕ್ಸಿಯವನು ತಿರುಗಿ ಅವಳನ್ನೇ ನೋಡಿದ. ಆ ದಯವಿಟ್ಟು ಅವನು ಎಲ್ಲೋ ಕೇಳಿದ್ದ.

ಕಚೇರಿಯ ಹಜಾರದಲ್ಲಿ ಗಲಾಟೆಯೋ ಗಲಾಟೆ. ಪೆಟ್ಟಿಗೆ ಮನೆ ಬಿಟ್ಟ ಕ್ಷಣದಿಂದ ಸ್ಪೀಕರು ಮೂಕವಾಗಿ, ಬಾಗಿಲು ಕಾಯುವವನು ಸ್ಟೂಲಿನ ಮೇಲೆ ಹತ್ತಿ, “ಎಪ್ಪತ್ತೆಂಟು ಯಾರ್ರೀ? ಎಪ್ಪತ್ತೆಂಟು ಸತ್ತಿದಾರಾ?” ಎಂದು ಕೂಗುತ್ತಿದ್ದ. ಸತ್ತವರ ಕಡೆಯವರು ಮುಖ ಗಂಟಿಕ್ಕಿ ಎದ್ದರು. ಮೂರನೇ ಕೌಂಟರಿನ ಪಕ್ಕದ ಪ್ಲಗ್ಗಿನಲ್ಲಿ ಗುಮಾಸ್ತನ ಟೇಬಲ್ ಫ್ಯಾನು ಸಿಕ್ಕಿಸಿತ್ತು. ಅತ್ತೆ ಅದನ್ನು ಕಿತ್ತು, ಡಬ್ಬಿಯ ವೈರು ತೂರಿಸಿದರು. ಕೀಂ ನಿಂತಿತು. ಗುಮಾಸ್ತನ ಕಾಗದಗಳು ಮೇಜಿನ ಮೇಲೆ ಅಡಗಿದವು.

“ಇದೇನು, ಓಡ್ತಾ ಇದೆ!” ಎಂದ ಗುಮಾಸ್ತ. “ವಾಪಸ್ ಕೊಡೋ ಯಂತ್ರ ಆರಿಸಿರಬೇಕು ಅಂತ ನಿಯಮ ಇದೆ ಮೇಡಂ.”

“ಇದು ಆರಲ್ಲ.”

“ಆರದಿರೋ ಯಂತ್ರ ಅಂತ ಇರುತ್ತಾ?”

ಅವಳು ಅಲ್ಲಿದ್ದ ಪರದೆಗೆ ವೈರು ಸಿಕ್ಕಿಸಿ, ಆರಿಸುವ ಆದೇಶ ಬರೆದು ತೋರಿಸಿದಳು. ಮೂರು ಸಾಲು ಬಂತು. ಗುಮಾಸ್ತ ಕನ್ನಡಕ ಏರಿಸಿ ಚೌಕಗಳತ್ತ ಬಗ್ಗಿದ. “ಇದೇನು?”

“ಕಾರಣ.”

“ಕಾರಣ ಬರೆದಿದಾರಾ?” ಗುಮಾಸ್ತನ ಮುಖ ಸಡಿಲವಾಯಿತು. “ಹಾಗಾದ್ರೆ ಸರಿ. ಲಿಖಿತ ಕಾರಣ ಇದ್ದರೆ ನಿಯಮ ಸಡಿಲಿಸಬಹುದು.” ಎರವಲು ಪುಸ್ತಕ ತೆಗೆದು ‘ಆರಿಸದಿರಲು ಕಾರಣ ಸಲ್ಲಿಸಲಾಗಿದೆ’ ಎಂದು ದುಂಡಗೆ ಬರೆದ. ಕಾರಣ ಏನೆಂದು ಕೇಳಲಿಲ್ಲ. ಪುಟದ ಎಡಗಡೆ, ಒಯ್ದವರು ಎಂಬ ಅಂಕಣದಲ್ಲಿ, ಬಾಲ ಮೇಲಕ್ಕೆತ್ತಿದ ಅವನ ಸಹಿ ಇತ್ತು. ಗುರುವಾರದ ಶಾಯಿ.

ಅಷ್ಟರಲ್ಲಿ ಪೆಟ್ಟಿಗೆ ಕಚೇರಿಯ ಜಾಲವನ್ನು ಹುಡುಕಿ ಹಿಡಿಯಿತು. ದಾರಿಯಲ್ಲಿದ್ದಷ್ಟು ಹೊತ್ತು ಕರೆಯಲಾಗದೆ ಬಾಕಿ ಉಳಿದ ಸಂಖ್ಯೆಗಳೆಲ್ಲ ಅದರೊಳಗೆ ಸಾಲುಗಟ್ಟಿ ನಿಂತಿದ್ದವು. ಒಂದನ್ನೂ ಬಿಡದೆ, ಉಸಿರು ತೆಗೆದುಕೊಳ್ಳದೆ, ಅದು ಈಗ ಕರೆಯತೊಡಗಿತು. ಸಂಖ್ಯೆ ಅರವತ್ತೊಂದು ಬನ್ನಿ, ಅರವತ್ತೆರಡು ಬನ್ನಿ, ಅರವತ್ಮೂರು ಬನ್ನಿ. ಆಗಲೇ ಕೆಲಸ ಮುಗಿಸಿ ಚಪ್ಪಲಿ ಮೆಟ್ಟಿದವರು ತಿರುಗಿ ಬಂದರು. ಕೂತವರು ಎದ್ದರು, ಎದ್ದವರು ಕೂತರು. “ಇಷ್ಟು ಹೊತ್ತು ಬಾಯಿ ಬಿಡದೆ ಈಗೇನು ಒಂದೇ ಸಮ ವಟಗುಟ್ತಾಳೆ ಇವಳು!” ಎಂದು ಯಾರೋ ನಕ್ಕರು. ಅವಳು ಮೇಜಿನ ಅಂಚು ಹಿಡಿದು ನಿಂತಿದ್ದಳು. ಬುಧವಾರ ರಾತ್ರಿಯಿಂದ ಆಡದ ಮಾತೆಲ್ಲ ಹೀಗೆ ಒಮ್ಮೆಗೇ, ಇಡೀ ಊರಿನ ಮುಂದೆ, ಸಂಖ್ಯೆಗಳಾಗಿ ಹೊರಬರುತ್ತಿತ್ತು. ಯಾರದೋ ಕೈ ಅವಳ ಬೆನ್ನ ಮೇಲೆ ಬಂದು ಕೂತಿತು. ಅತ್ತೆಯದು.

“ಅಂದಹಾಗೆ ಮೇಡಂ,” ಎಂದ ಗುಮಾಸ್ತ, ಗದ್ದಲದ ನಡುವೆ ಒಂದು ನಮೂನೆಯನ್ನು ಅವಳತ್ತ ಸರಿಸುತ್ತ, “ಇದೊಂದು ಉಳಿದಿದೆ. ದನಿ ಬದಲಾಯಿಸೋ ಕೋರಿಕೆ. ಗುರುವಾರ ತುಂಬಿಸಿ, ಕೊನೇ ಸಾಲು ಖಾಲಿ ಬಿಟ್ಟು, ‘ಸೋಮವಾರ ಹೇಳ್ತೀನಿ, ಮನೇಲಿ ಕೇಳಬೇಕು’ ಅಂದ್ರು. ಏನಂತ ಬರೀಲಿ? ಹಳೇ ದನಿ ಇರೋದಾ, ತೆಗೆಯೋದಾ?”

ಅವಳು ಬಾಯಿ ತೆರೆದಳು. ಗುಮಾಸ್ತ ಪೆನ್ನು ಹಿಡಿದು ಕಾದ. ಸ್ಪೀಕರಿನಲ್ಲಿ ಎಪ್ಪತ್ತರ ಸಂಖ್ಯೆಗಳು ಮುಗಿಯುತ್ತ ಬಂದಿದ್ದವು. ನಾಳೆ ಗಡ್ಡ ಬರುವುದರೊಳಗೆ ಕರೆಂಟು ಹೋಗಬಹುದು. ಯಾರೋ ಫ್ಯಾನಿಗಾಗಿ ಪ್ಲಗ್ ಕೀಳಬಹುದು. ಅದೆಲ್ಲ ನಾಳೆಯ ಮಾತು, ಕೇಳಿದ್ದು ಇವತ್ತು.

“ಇರಲಿ,” ಎಂದಳು.

“ಏನಂದ್ರಿ?” ಗುಮಾಸ್ತ ಕಿವಿ ಮುಂದೆ ತಂದ. “ಈ ಗಲಾಟೇಲಿ ಕೇಳಿಸ್ಲಿಲ್ಲ.”

“ಇರಲಿ ಅಂದೆ. ಇರಲಿ.” ಎರಡನೆಯದರ ಹೊತ್ತಿಗೆ ಗಂಟಲು ಒಡೆದು, ಮೂರು ದಿನದಿಂದ ಕಾದಿದ್ದು ಹೇಳದೆ ಕೇಳದೆ ಬಂದುಬಿಟ್ಟಿತು. ಅದು ಅಳುವೋ ನಗುವೋ ಹಜಾರದಲ್ಲಿದ್ದವರಿಗೆ ತಿಳಿಯಲಿಲ್ಲ. ಅಲ್ಲಿ ಎರಡಕ್ಕೂ ಜನ ಬರುತ್ತಿದ್ದುದರಿಂದ ಯಾರೂ ತಿರುಗಿ ನೋಡಲಿಲ್ಲ. ಗುಮಾಸ್ತ ಖಾಲಿ ಸಾಲಿನಲ್ಲಿ ಆ ಮೂರಕ್ಷರ ಬರೆದುಕೊಂಡು, ಎರವಲು ಪುಸ್ತಕವನ್ನು ಅವಳತ್ತ ತಿರುಗಿಸಿದ. ಒದ್ದೆ ಬೆರಳಿನಿಂದ ಅವಳು, ಹಿಂದಿರುಗಿಸಿದವರು ಎಂಬಲ್ಲಿ, ಅವನ ಸಹಿಯ ಎದುರಿಗೆ ತನ್ನ ಸಹಿ ಹಾಕಿದಳು.